ಪೋಸ್ಟ್‌ಗ್ರೆಸ್ 17ರ 'ಮೇಂಟೇನ್' ಅನುಮತಿ: ಡಿಬಿಎ (ಡೇಟಾಬೇಸ್ ನಿರ್ವಾಹಕರ) ಕಣ್ಣಿಂದ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ರಾತ್ರಿ ಓಡುವ ವ್ಯಾಕ್ಯೂಮ್ ಜಾಬ್‌ಗೆ (ಅಳಿಸಿದ ಸಾಲುಗಳ ಕಸ ತೆಗೆಯುವ ಕೆಲಸ) ಸೂಪರ್‌ಯೂಸರ್ (ಎಲ್ಲ ಅಧಿಕಾರ ಇರುವ ಲಾಗಿನ್) ಪಾಸ್‌ವರ್ಡ್ ಕೊಡೋದು ಅಂದ್ರೆ, ಮನೆ ಗುಡಿಸಲು ಬಂದವರ ಕೈಗೆ ಬೀರುವಿನ ಕೀಲಿ ಕೊಟ್ಟ ಹಾಗೆ. ಆದರೂ ತುಂಬಾ ಕಡೆ ನಡೆದು ಬಂದಿದ್ದು ಹಾಗೇ. ಟೇಬಲ್ ಓನರ್ ಲಾಗಿನ್ನೇ ಕೊಟ್ಟರೆ ಅದೂ ಜಾಸ್ತಿನೇ, ಟೇಬಲ್ ಡ್ರಾಪ್ ಮಾಡಬಹುದು ಅಲ್ವಾ?

2024ರ ಸೆಪ್ಟೆಂಬರ್‌ನಲ್ಲಿ ಬಂದ 17ನೇ ಆವೃತ್ತಿ 'ಮೇಂಟೇನ್' ಅನುಮತಿಯ ಮೂಲಕ ಇದಕ್ಕೆ ಪರಿಹಾರ ಕೊಟ್ಟಿದೆ. 16ರಲ್ಲೇ ಬರಬೇಕಿತ್ತು, ಭದ್ರತೆಯ ಕಾರಣಕ್ಕೆ ಕೊನೆಗಳಿಗೆಯಲ್ಲಿ ತೆಗೆದರು. ಈಗ 'ಗ್ರಾಂಟ್ ಮೇಂಟೇನ್ ಆನ್ ಬಿಲ್ಸ್ ಟು ನೈಟ್‌ಜಾಬ್' ಅಂದರೆ ಸಾಕು (ಬಿಲ್ಸ್ ಟೇಬಲ್ ಹೆಸರು, ನೈಟ್‌ಜಾಬ್ ಲಾಗಿನ್ ಹೆಸರು). ವ್ಯಾಕ್ಯೂಮ್, ಅನಲೈಜ್ (ಟೇಬಲ್‌ನ ಅಂಕಿಅಂಶ ಕೂಡಿಡೋದು), ರೀಇಂಡೆಕ್ಸ್ (ಇಂಡೆಕ್ಸ್ ಮತ್ತೆ ಕಟ್ಟೋದು), ಕ್ಲಸ್ಟರ್ (ಇಂಡೆಕ್ಸ್ ಕ್ರಮದಲ್ಲಿ ಸಾಲು ಜೋಡಿಸೋದು) ಎಲ್ಲ ನಡೆಯುತ್ತೆ. ಮೆಟೀರಿಯಲೈಜ್ಡ್ ವ್ಯೂ (ಕ್ವೆರಿಯ ಫಲಿತಾಂಶವನ್ನು ಉಳಿಸಿಟ್ಟ ನಕಲು) ಮೇಲೆ ಕೊಟ್ಟರೆ ರಿಫ್ರೆಶ್ ಕೂಡ. ಅದೇ ಲಾಗಿನ್‌ನಿಂದ ಸೆಲೆಕ್ಟ್ (ಡೇಟಾ ಓದುವ ಕಮಾಂಡ್) ಹೊಡೆದು ನೋಡಿದೆ: ಪರ್ಮಿಷನ್ ಡಿನೈಡ್! ಖುಷಿಯಾಯ್ತು.

ಕಿರಿಕಿರಿಗಳೂ ಇವೆ. ಲಾಕ್ ಟೇಬಲ್ (ಟೇಬಲ್‌ಗೆ ಬೀಗ ಹಾಕುವ ಕಮಾಂಡ್) ಕೂಡ ಇದರ ಜೊತೆಗೇ ಬರುತ್ತೆ, ಬೇಡ ಅಂದರೂ ಬಿಡಿಸೋಕಾಗಲ್ಲ. ಈ ಕೆಲಸಗಳು ನಡೆಯುವಾಗ ಸರ್ಚ್ ಪಾತ್ (ಹೆಸರುಗಳನ್ನು ಯಾವ ಸ್ಕೀಮಾಗಳಲ್ಲಿ, ಅಂದರೆ ಟೇಬಲ್-ಫಂಕ್ಷನ್‌ಗಳ ಗುಂಪುಗಳಲ್ಲಿ, ಹುಡುಕಬೇಕು ಅನ್ನೋ ಪಟ್ಟಿ) ಅನ್ನು ಸರ್ವರೇ ಬಿಗಿ ಮಾಡುತ್ತೆ. ಹಾಗಾಗಿ ಇಂಡೆಕ್ಸ್‌ನಲ್ಲಿ ಬಳಸಿದ ಫಂಕ್ಷನ್ ಒಳಗೆ ಸ್ಕೀಮಾ ಹೆಸರು ಬರೆಯದಿದ್ದರೆ ರೀಇಂಡೆಕ್ಸ್ ಎಡವಬಹುದು. ಇನ್ನೊಂದು: ಅನುಮತಿ ಇಲ್ಲದ ಟೇಬಲ್ ಸಿಕ್ಕರೆ ವ್ಯಾಕ್ಯೂಮ್ ಎರರ್ ಕೊಡಲ್ಲ. ಒಂದು ವಾರ್ನಿಂಗ್ ಬರೆದು ಸುಮ್ನೆ ಮುಂದೆ ಹೋಗುತ್ತೆ. ಲಾಗ್ ನೋಡದವರಿಗೆ ಗೊತ್ತೇ ಆಗಲ್ಲ.

ಎಲ್ಲ ಟೇಬಲ್‌ಗೂ ಒಟ್ಟಿಗೆ ಬೇಕಾದರೆ 'ಪಿಜಿ ಮೇಂಟೇನ್' ರೋಲ್ ಇದೆ. ನಾನಂತೂ ಟೇಬಲ್ ಲೆಕ್ಕದಲ್ಲೇ ಕೊಡುತ್ತೇನೆ. ಹೊಸ ಟೇಬಲ್‌ಗಳಿಗೆ ಡೀಫಾಲ್ಟ್ ಪ್ರಿವಿಲೇಜ್ (ಟೇಬಲ್ ಹುಟ್ಟುವಾಗಲೇ ತಾನಾಗಿ ಸಿಗುವ ಅನುಮತಿ) ಹಾಕಿಟ್ಟರೆ ಆಯ್ತು.