ಪ್ಲೆಸಿ-ಬುರ್ರೆ: ಹೊರಗೆ ಕೋಟೆ, ಒಳಗೆ ಮನೆ

ಫ್ರಾನ್ಸಿನ ಆಂಜೂ ಸೀಮೆಯಲ್ಲಿ, ಆಂಜೆ ನಗರದ ಉತ್ತರಕ್ಕಿರುವ ಎಕ್ಯುಯ್ಯೆ ಎಂಬ ಹಳ್ಳಿಯ ಬಳಿ ನಿಂತಿರುವ ಪ್ಲೆಸಿ-ಬುರ್ರೆ ಕೋಟೆಗೆ, ಲ್ವಾರ್ ನದಿಯ ಹೆಸರಾಂತ ಅರಮನೆಗಳನ್ನು ನೋಡಲು ಹೋಗುವವರು ಅರ್ಧ ದಿನವನ್ನಾದರೂ ಮೀಸಲಿಡಬೇಕು. ಅದರ ದೊಡ್ಡ ಗುಣವೆಂದರೆ ಅಖಂಡತೆ. ಹನ್ನೊಂದನೆಯ ಲೂಯಿ ದೊರೆಯ ಹಣಕಾಸಿನ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ, ಲಾಂಜೆ ಕೋಟೆಯ ನಿರ್ಮಾಣದ ಮೇಲ್ವಿಚಾರಣೆಯನ್ನೂ ವಹಿಸಿದ್ದ ಜಾನ್ ಬುರ್ರೆ ಇದನ್ನು 1468ರಲ್ಲಿ ಆರಂಭಿಸಿ ಸುಮಾರು ಐದು ವರ್ಷಗಳೊಳಗೆ ಮುಗಿಸಿದನು. ಆ ಕಾಲದ ಅನೇಕ ಕೋಟೆಗಳು ತಲೆಮಾರುಗಳುದ್ದಕ್ಕೂ ತುಂಡುತುಂಡಾಗಿ ಬೆಳೆದವು. ಇಲ್ಲಿ ಮಾತ್ರ ಒಬ್ಬನೇ ಒಡೆಯನ ಒಂದೇ ಆಲೋಚನೆ ಅಡಿಪಾಯದಿಂದ ಮಾಡಿನವರೆಗೆ ಕಾಣುತ್ತದೆ.

ಸುತ್ತಲೂ ಕೆರೆಯಷ್ಟು ಅಗಲವಾದ ನೀರಿನ ಕಂದಕವಿದ್ದು, ನಲವತ್ತು ಮೀಟರಿಗಿಂತ ಉದ್ದವಾದ ಕಮಾನುಗಳ ಕಲ್ಲುಸೇತುವೆಯನ್ನು ದಾಟಿ, ಮೇಲೆತ್ತುವ ಸೇತುವೆಯಿರುವ ಹೆಬ್ಬಾಗಿಲನ್ನು ತಲುಪಬೇಕು. ನಾಲ್ಕು ಮೂಲೆಗಳಲ್ಲಿ ದುಂಡನೆಯ ಬುರುಜುಗಳಿವೆ. ಗೋಡೆಯ ಬುಡಕ್ಕೂ ನೀರಿಗೂ ನಡುವೆ ಫಿರಂಗಿಗಳನ್ನಿಡಲು ಕಟ್ಟಿದ ತಗ್ಗಾದ ಜಗಲಿಯನ್ನು ತಪ್ಪದೆ ಗಮನಿಸಬೇಕು, ಏಕೆಂದರೆ ಸಿಡಿಮದ್ದಿನ ಯುದ್ಧಕ್ಕೆ ಕೋಟೆ ಹೇಗೆ ಹೊಂದಿಕೊಳ್ಳತೊಡಗಿತೆಂಬುದಕ್ಕೆ ಅದೇ ಸಾಕ್ಷಿ. ಆದರೆ ಬಾಗಿಲು ದಾಟಿದೊಡನೆ ಕಾಣುವುದು ಮತ್ತೊಂದು ಲೋಕ: ವಿಶಾಲವಾದ ಅಂಗಳ, ಬಿಳಿಯ ಟುಫೋ ಸುಣ್ಣಕಲ್ಲಿನ ಗೋಡೆಗಳು, ದೊಡ್ಡ ಕಿಟಕಿಗಳು, ಸ್ಲೇಟುಕಲ್ಲು ಹೊದಿಸಿದ ಕಡಿದಾದ ಮಾಡು. ಅಂಗಳದ ಇತರ ಬದಿಗಳ ಕಟ್ಟಡಗಳನ್ನು ತಗ್ಗಾಗಿಸಿ, ವಾಸದ ಮನೆಯನ್ನು ಮಾತ್ರ ಎತ್ತರಿಸಿರುವುದರಿಂದ ಅದರ ಕೋಣೆಗಳಿಗೆ ಧಾರಾಳವಾಗಿ ಬೆಳಕು ಸಿಗುತ್ತದೆ. ಕಾವಲಿನ ಅಗತ್ಯವನ್ನು ಹೊರಮೈಗೆ ವಹಿಸಿ ಒಳಗೆ ನೆಮ್ಮದಿಯ ಬದುಕಿಗೆ ಜಾಗ ಮಾಡಿದ ಈ ಜಾಣ್ಮೆಯೇ ನನಗೆ ಅತ್ಯಂತ ಮೆಚ್ಚುಗೆಯಾದದ್ದು.

ನಂತರದ ಕಾಲದ ರುಚಿಗೆ ತಕ್ಕಂತೆ ಅಲಂಕರಿಸಿದ ದಿವಾನಖಾನೆಗಳು ಅಂದವಾಗಿವೆ, ಅಷ್ಟೇ. ನಿಜವಾದ ನಿಧಿ ಇರುವುದು ಕಾವಲುಗಾರರ ಕೋಣೆಯೆಂದು ಕರೆಯುವ ಸಭಾಂಗಣದ ಮರದ ಚಾವಣಿಯಲ್ಲಿ. ಹದಿನೈದನೆಯ ಶತಮಾನದ ಕೊನೆಯಲ್ಲಿ ಬರೆದ ಇಪ್ಪತ್ತನಾಲ್ಕು ಚಿತ್ರಗಳಲ್ಲಿ ಗಾದೆಗಳು, ವಿಚಿತ್ರ ಪ್ರಾಣಿಗಳು, ಒರಟು ಹಾಸ್ಯ ಎಲ್ಲವೂ ಬೆರೆತಿವೆ. ಗಂಡನ ಮಾತು ಮೀರದ ಹೆಂಡತಿಯರನ್ನಷ್ಟೇ ತಿಂದು, ಅಂಥವರು ವಿರಳವಾದ್ದರಿಂದ ಬಡಕಲಾದ ಶಿಶ್‌ಫಾಸ್ ಎಂಬ ಮೃಗವೂ ಅಲ್ಲಿದೆ. ಕೆಲವರು ಈ ಚಿತ್ರಗಳಲ್ಲಿ ರಸವಿದ್ಯೆಯ ಸಂಕೇತಗಳನ್ನು ಕಾಣುತ್ತಾರೆ. ಜನಪದ ಗಾದೆಗಳ ಉತ್ಸಾಹವೇ ನನಗೆ ಅಲ್ಲಿ ಹೆಚ್ಚು ಎದ್ದು ಕಾಣುತ್ತದೆ. ಹೋಗುವವರು ಈ ಕೋಣೆಗೇ ಹೆಚ್ಚು ಸಮಯ ಇಟ್ಟುಕೊಳ್ಳಲಿ. ಸಣ್ಣ ವಿವರಗಳಿಗಾಗಿ ದುರ್ಬೀನೊಂದು ಜೊತೆಗಿದ್ದರೆ ಇನ್ನೂ ಒಳ್ಳೆಯದು.