ಹಳೇ ಸಿಂಗರ್ 15ಕೆ: ಚಿತ್ತಾರ ನೋಡಿ ಮರುಳಾಗಬೇಡಿ, ಬಾಬಿನ್ ನೋಡಿ ಕೊಳ್ಳಿ

ಹಳೆಯ ಹೊಲಿಗೆ ಮಿಷನ್ ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಕಪ್ಪು ಮೈಮೇಲಿನ ಚಿನ್ನದ ಚಿತ್ತಾರದ ಕಡೆಗೆ. ನೋಡಬೇಕಾದದ್ದು ಕೆಳಗೆ, ಎಡಬದಿಯಲ್ಲಿ, ಬಾಬಿನ್ (ಕೆಳಗಿನ ದಾರ ಸುತ್ತಿದ ಉರುಳೆ) ಕೂರುವ ಜಾಗವನ್ನು. ದುಂಡು ಬಾಬಿನ್, ಎಡಗಡೆಯಿಂದ ಒಳಗೆ ಕೂರಿಸುವ ಬಾಬಿನ್ ಕೇಸ್ ಇದ್ದರೆ ಅದು ಸಿಂಗರ್‌ನ 15ನೇ ಕ್ಲಾಸಿನ, ಅಂದರೆ 15ನೇ ಮಾದರಿಯ ಮಿಷನ್. ಉದ್ದ ಕಡ್ಡಿಯಂಥ ಬಾಬಿನ್, ಬಂದೂಕಿನ ಗುಂಡಿನ ಆಕಾರದ ಶಟಲ್ (ಮೇಲಿನ ದಾರವನ್ನು ಕೆಳದಾರಕ್ಕೆ ಹೆಣೆಯುವ ಭಾಗ) ಇದ್ದರೆ 27 ಅಥವಾ 28. ಬಾಬಿನ್ ಮೇಲಿನಿಂದ ಹಾಕುವಂಥದ್ದಾದರೆ 66, 99 ಅಥವಾ 201.

ದಿನಾ ಹೊಲಿಯಲು ಹಳೇ ಮಿಷನ್ ಬೇಕೆನ್ನುವವರಿಗೆ ನಮ್ಮ ದೇಶದಲ್ಲಿ 15ಕೆ ಬಿಟ್ಟು ಬೇರೆಯದನ್ನು ಹೇಳಲು ಮನಸ್ಸಾಗುವುದಿಲ್ಲ. ಕಾರಣ ಹೊಲಿಗೆ ಮಿಷನ್, ಬಿಡಿಭಾಗಗಳ ತಯಾರಿಕೆಗೆ ಹೆಸರಾದ ಪಂಜಾಬಿನ ಲೂಧಿಯಾನ. ಉಷಾದಿಂದ ಹಿಡಿದು ನಮ್ಮಲ್ಲಿ ಮಾರಾಟವಾಗುವ ಬಹುಪಾಲು ಕಪ್ಪು ಮಿಷನ್‌ಗಳು ಇದೇ 15ರ ಅಚ್ಚಿನವು. ಹಾಗಾಗಿ ಬಾಬಿನ್, ಬಾಬಿನ್ ಕೇಸ್, ಶಟಲ್, ದಾರದ ಬಿಗಿ ಹದಗೊಳಿಸುವ ಟೆನ್ಷನ್ ಸೆಟ್, ಬಾಬಿನ್ ಸುತ್ತುವ ರಬ್ಬರ್ ರಿಂಗ್ ಎಲ್ಲವೂ ತಾಲ್ಲೂಕು ಕೇಂದ್ರದ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲೂ ಸಿಗುತ್ತವೆ. ಸೂಜಿಯೂ ಮಾಮೂಲಿ ಎಚ್‌ಎ×1. ಯಂತ್ರವಾಗಿ 201ಕೆ ಇದಕ್ಕಿಂತ ಮೇಲು, ಒಪ್ಪೋಣ: ಶಟಲ್ಲಿನ ಬದಲು ಪೂರ್ತಿ ಸುತ್ತುವ ಹುಕ್, ಸದ್ದು ಕಡಿಮೆ, ಓಟ ನುಣುಪು. ಆದರೆ ಅದರ ಹುಕ್ ಹಾಳಾದರೆ ಇನ್ನೊಂದು ಹಳೇ 201 ಅನ್ನೇ ಹುಡುಕಬೇಕಾದೀತು.

ಹೆಸರಿನ ಕೊನೆಯ ‘ಕೆ’ ಎಂದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿದ್ದ ಕಿಲ್‌ಬೋವಿ ಕಾರ್ಖಾನೆ. ಅದು 1980ರಲ್ಲಿ ಮುಚ್ಚಿತು; ಅಲ್ಲಿನ ರೈಲು ನಿಲ್ದಾಣಕ್ಕೆ ಮಾತ್ರ ಇಂದಿಗೂ ಸಿಂಗರ್ ಎಂದೇ ಹೆಸರು. ಮಿಷನ್ನಿನ ನಂಬರ್ ಬಲಗಡೆ, ಕಂಬದ ಬುಡದಲ್ಲಿ ಅಚ್ಚಾಗಿರುತ್ತದೆ. ಇಎಫ್, ಇಜಿ ಎಂಬಂತೆ ‘ಇ’ಯಿಂದ ಶುರುವಾಗುವ ಎರಡಕ್ಷರದ ಸರಣಿ ಕ್ಲೈಡ್‌ಬ್ಯಾಂಕಿನದು. ಚಿತ್ತಾರ ಹೊಚ್ಚ ಹೊಸದಾಗಿದ್ದು ನಂಬರಿನ ಗುಳಿಯೊಳಗೆ ದಪ್ಪ ಬಣ್ಣ ತುಂಬಿದ್ದರೆ, ಮತ್ತೆ ಬಣ್ಣ ಹೊಡೆದು ಹೊಸ ಸ್ಟಿಕ್ಕರ್ ಅಂಟಿಸಿದ ಮಾಲು. ಹೊಲಿಗೆಗೆ ತೊಂದರೆಯಿಲ್ಲ, ಹಳೆಯದೆಂಬ ಬೆಲೆ ಮಾತ್ರ ಕೊಡಬೇಡಿ. ಇನ್ನು ‘ಇದರಲ್ಲಿ ಕೆಂಪು ಪಾದರಸ ಇದೆ, ಲಕ್ಷಗಟ್ಟಲೆ ಬಾಳುತ್ತದೆ’ ಎನ್ನುವವರು ಸಿಕ್ಕರೆ ಅಲ್ಲಿಂದಲೇ ಕೈಮುಗಿಯಿರಿ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಎದ್ದು ಹಳೇ ಸಿಂಗರ್‌ಗಳ ಬೆಲೆ ಏರಿಸಿದ ಗಾಳಿಸುದ್ದಿ ಅದು.

ಕೊಳ್ಳುವ ಮುನ್ನ ಸೂಜಿ ಕಡ್ಡಿಯನ್ನು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಕಣ್ಣಿಗೆ ಕಾಣುವಷ್ಟು ಆಡಿದರೆ ಕಡ್ಡಿ ಓಡಾಡುವ ಬುಷ್ ಸವೆದಿದೆ, ಬಿಟ್ಟುಬಿಡಿ. ಶಟಲ್ ತೆಗೆಸಿ ಅದು ಓಡಾಡುವ ಜಾಡಿನಲ್ಲಿ ಬೆರಳಾಡಿಸಿ. ಮೇಲ್ಮೇಲಿನ ತುಕ್ಕು ಹೋಗುತ್ತದೆ, ಗುಳಿಬಿದ್ದ ತುಕ್ಕು ಹೋಗುವುದಿಲ್ಲ. ತುಳಿಯುವ ಸ್ಟ್ಯಾಂಡ್ ಇದ್ದರೆ ಪೆಡಲನ್ನೂ ದೊಡ್ಡ ಚಕ್ರವನ್ನೂ ಜೋಡಿಸುವ ಕಡ್ಡಿ ಲಟಲಟ ಎನ್ನುತ್ತದೆಯೇ ನೋಡಿ. ಸಾಮಾನ್ಯವಾಗಿ ನಟ್ ಬಿಗಿ ಮಾಡಿದರೆ ಸರಿಹೋಗುತ್ತದೆ. ಚಕ್ರ ತಿರುಗುವುದೇ ಇಲ್ಲ ಎಂಬುದು ಮಾತ್ರ ದೊಡ್ಡ ದೋಷವೇನಲ್ಲ, ಬೆಲೆ ಇಳಿಸಲು ಒಳ್ಳೆಯ ನೆಪ.

ಹೀಗೆ ಹಿಡಿದುಕೊಂಡ ಮಿಷನ್‌ಗಳಲ್ಲಿ ಹೆಚ್ಚಿನವಕ್ಕೆ ತುಕ್ಕಿಗಿಂತ ಕೊಬ್ಬರಿ ಎಣ್ಣೆಯೇ ಶತ್ರು. ಅಡುಗೆಮನೆಯ ಎಣ್ಣೆಗಳು ವರ್ಷಗಳು ಕಳೆದಂತೆ ಅಂಟಾಗುತ್ತವೆ, ಕೆಲವು ಕೊನೆಗೆ ವಾರ್ನಿಷ್‌ನಂತೆ ಗಟ್ಟಿಯೂ ಆಗುತ್ತವೆ. ಬಲ ಹಾಕಿ ಚಕ್ರ ತಿರುವಬೇಡಿ. ಎಡಬದಿಯ ಮುಖದ ತಗಡು, ಸೂಜಿ ಪ್ಲೇಟು, ಬಾಬಿನ್ ಕೇಸ್, ಶಟಲ್ ಬಿಚ್ಚಿ, ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಪ್ರತಿ ಎಣ್ಣೆ ತೂತಿಗೂ, ಲೋಹಕ್ಕೆ ಲೋಹ ಉಜ್ಜುವ ಪ್ರತಿ ಜಾಗಕ್ಕೂ ಎರಡು ಮೂರು ಹನಿ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಬೆಳಿಗ್ಗೆ ಚಕ್ರವನ್ನು ಹಿಂದೆ ಮುಂದೆ ಕೂದಲೆಳೆಯಷ್ಟು ಆಡಿಸುತ್ತ ಬನ್ನಿ. ಇನ್ನೂ ಬಿಡದಿದ್ದರೆ ಸೀಮೆಎಣ್ಣೆ ಒರೆಸಿ ಪೂರ್ತಿ ಆರಿದ ಮೇಲೆ ಹೇರ್ ಡ್ರೈಯರ್‌ನಿಂದ ಆ ಕೀಲನ್ನು ಬಿಸಿ ಮಾಡಿ, ಅಂಟು ಮೆದುವಾಗುತ್ತದೆ. ಬಿಟ್ಟ ತಕ್ಷಣ ಎಲ್ಲ ಕಡೆಗೂ ತಿಳಿ ಮಿಷನ್ ಎಣ್ಣೆ ಹಾಕಲೇಬೇಕು. ಸೀಮೆಎಣ್ಣೆ ತೊಳೆಯುತ್ತದೆಯೇ ಹೊರತು ಕಾಪಾಡುವುದಿಲ್ಲ. ಹಾಗೇ ಓಡಿಸಿದರೆ ಒಣ ಲೋಹ ಸವೆಯುತ್ತದೆ, ತುಕ್ಕೂ ಹಿಡಿಯುತ್ತದೆ.

ಸ್ಕ್ರೂಗಳ ವಿಷಯದಲ್ಲಿ ಜಿಪುಣತನ ಬೇಡ. ಸಿಂಗರ್ ಸ್ಕ್ರೂಗಳ ಮರೆ (ಮೈಮೇಲಿನ ಸುತ್ತುಗೆರೆ) ಕಂಪನಿಯದೇ ಅಳತೆಯದು, ಹಾರ್ಡ್‌ವೇರ್ ಅಂಗಡಿಯ ಸ್ಕ್ರೂ ಕೂರುವುದಿಲ್ಲ. ಸೀಳಿನ ಅಗಲಕ್ಕೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬಳಸಿ, ಬೇಕಾದರೆ ಅರದಿಂದ ತುದಿ ಉಜ್ಜಿಕೊಳ್ಳಿ.

ಮೈ ಒರೆಸಲು ಬೇಕಾದದ್ದು ಅದೇ ಮಿಷನ್ ಎಣ್ಣೆ, ಮೆತ್ತನೆಯ ಹತ್ತಿ ಬಟ್ಟೆ, ತಾಳ್ಮೆ. ಸ್ಪಿರಿಟ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರಾವಣ, ಗಾಜು ಒರೆಸುವ ಸ್ಪ್ರೇ ಹತ್ತಿರವೂ ಬರಬಾರದು. ಚಿತ್ತಾರದ ಮೇಲಿನ ತೆಳು ಪದರ ಅರಗಿನದು, ಸ್ಪಿರಿಟ್ ತಾಗಿದರೆ ಕರಗಿ ಚಿನ್ನದ ಗೆರೆಗಳನ್ನೂ ಬಟ್ಟೆಗೆ ಎಳೆದುಕೊಂಡು ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಮೂರು ಕಡೆ. ಮೊದಲನೆಯದು ಸೂಜಿ: 15ರಲ್ಲಿ ಚಪ್ಪಟೆ ಬದಿ ಎಡಕ್ಕೆ, ದಾರ ಬಲದಿಂದ ಎಡಕ್ಕೆ. ತಿರುಗಮುರುಗ ಹಾಕಿದರೆ ಒಂದು ಹೊಲಿಗೆಯೂ ಬೀಳುವುದಿಲ್ಲ, ಆಗ ಪಾಪದ ಶಟಲ್ ಬಯ್ಗುಳ ತಿನ್ನುತ್ತದೆ. ಎರಡನೆಯದು ಟೆನ್ಷನ್. ಬಟ್ಟೆಯ ಕೆಳಗೆ ದಾರದ ಗಂಟು ಗುಪ್ಪೆಯಾದರೆ ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಅದು ಟೆನ್ಷನ್ ಸೆಟ್ಟಿನ ಎರಡು ಬಿಲ್ಲೆಗಳ ನಡುವೆ ಕೂತಿಲ್ಲ, ಅಥವಾ ಬಿಲ್ಲೆಗಳ ಮಧ್ಯೆ ಹಳೇ ನೂಲಿನ ಕಸ ಸೇರಿದೆ. ಬಿಚ್ಚಿದರೆ ಮತ್ತೆ ಸೇರಿಸುವಾಗ ಎರಡು ಬಿಲ್ಲೆಗಳ ಉಬ್ಬಿದ ಬದಿಗಳು ಮುಖಾಮುಖಿಯಾಗಿರಬೇಕು. ಮೂರನೆಯದು ಚಕ್ರದ ಮಧ್ಯದ ತಿರುಪು ಬಿಚ್ಚಿದಾಗ ಸಿಗುವ ಕಿವಿಗಳಿರುವ ವಾಷರ್. ಬಾಬಿನ್ ಸುತ್ತಲು ತಿರುಪು ಸಡಿಲಿಸಿದರೂ ಸೂಜಿ ಏರಿಳಿಯುತ್ತಲೇ ಇದ್ದರೆ, ಅಥವಾ ಎಷ್ಟು ಬಿಗಿದರೂ ಚಕ್ರ ಜಾರಿದರೆ, ವಾಷರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ.

ಇಷ್ಟಾದ ಮೇಲೂ ಹೊಲಿಗೆ ತಪ್ಪುತ್ತಿದ್ದರೆ ಹೊಸ ಸೂಜಿ ಹಾಕಿ ಅದರ ಕಡ್ಡಿಯ ಎತ್ತರ ನೋಡಿ. ಸೂಜಿ ತೀರಾ ಕೆಳಗೆ ಹೋಗಿ ಸುಮಾರು 2.4 ಮಿ.ಮೀ. ಮೇಲೆದ್ದಾಗ ಶಟಲ್ಲಿನ ಮೊನೆ ಸೂಜಿಯ ಹಿಂದೆ, ಕಣ್ಣಿನಿಂದ ಸುಮಾರು ಒಂದೂವರೆ ಮಿ.ಮೀ. ಮೇಲೆ ಹಾದುಹೋಗಬೇಕು. ಕಣ್ಣಿನ ಮಟ್ಟದಲ್ಲೋ ಅದಕ್ಕೂ ಕೆಳಗೋ ಹಾದರೆ ದಾರದ ಕುಣಿಕೆ ಸಿಗುವುದಿಲ್ಲ. ಮುಖದ ತಗಡಿನ ಹಿಂದಿನ ಸ್ಕ್ರೂ ಸಡಿಲಿಸಿ ಕಡ್ಡಿಯನ್ನು ಸರಿಪಡಿಸಬಹುದು.

ಇನ್ನು ಹೊಸ ಬಿಡಿಭಾಗಗಳ ಗುಣ. ಬಾಬಿನ್‌ಗಳಿಗೆ ಧೈರ್ಯವಾಗಿ ದುಡ್ಡು ಹಾಕಿ. ಬಾಬಿನ್ ಕೇಸ್ ಆರಿಸಿ ತರಬೇಕು: ಸ್ಪ್ರಿಂಗಿನ ಅಂಚಿನ ಮೇಲೆ ಉಗುರು ಎಳೆದಾಗ ಸಿಕ್ಕಿಕೊಳ್ಳಬಾರದು. ದಾರದಿಂದ ತೂಗುಬಿಟ್ಟರೆ ಬೀಳದೆ ನಿಲ್ಲಬೇಕು, ಸಣ್ಣಗೆ ಕುಲುಕಿದರೆ ಕೆಲವು ಸೆಂಟಿಮೀಟರ್ ಜಾರಿ ಮತ್ತೆ ನಿಲ್ಲಬೇಕು. ಅಗ್ಗದ ಶಟಲ್‌ಗಳ ಮೊನೆ ಒರಟಾಗಿದ್ದು ದಾರ ಸೀಳುತ್ತದೆ. ಹಳೆಯದರ ಮೊನೆ ಮುರಿದಿಲ್ಲವಾದರೆ ಅದನ್ನೇ ತೀರಾ ನಯವಾದ ಎಮೆರಿ ಕಾಗದದಿಂದ ಹದವಾಗಿ ಉಜ್ಜಿ ಉಳಿಸಿಕೊಳ್ಳುವುದು ಜಾಣತನ.

ಹೊಲಿಗೆಯ ಬಗ್ಗೆ ದೂರಿಲ್ಲ. ರವಿಕೆಯ ವಾಯಿಲ್‌ಗೆ 11ನೇ ನಂಬರ್ ಸೂಜಿ, ಮಾಮೂಲಿ ಹತ್ತಿ ಬಟ್ಟೆಗೆ 14, ಜೀನ್ಸ್ ಮಡಿಕೆಗೆ 16 ಅಥವಾ 18 ಹಾಕಿದರೆ ನೇರ, ಬಿಗಿ ಹೊಲಿಗೆ. ಆದರೆ ನೇರ ಹೊಲಿಗೆ ಬಿಟ್ಟು ಬೇರೇನೂ ಇದಕ್ಕೆ ಬಾರದು. ಸೀರೆಗೆ ಪೀಕೋ ಮಾಡಿ ಸಂಪಾದಿಸುವ ಯೋಚನೆ ಇದ್ದರೆ ಜಿಗ್‌ಜ್ಯಾಗ್ ಮಿಷನ್ ಬೇರೆಯೇ ಬೇಕು. ಹಿಗ್ಗುವ ಬಟ್ಟೆಯೂ ಇದರ ಪಾಲಿನದಲ್ಲ. ಹಳೆಯ ಮಾದರಿಗಳಲ್ಲಿ ಹಿಂದಕ್ಕೆ ಹೊಲಿಯುವ ಲಿವರ್ ಕೂಡ ಇಲ್ಲ; ಹೊಲಿಗೆಯ ಕೊನೆಯಲ್ಲಿ ಸೂಜಿ ಇಳಿಸಿ, ಬಟ್ಟೆ ತಿರುಗಿಸಿ ನಾಲ್ಕು ಹೊಲಿಗೆ ಹಾಕಬೇಕು.

ಚರ್ಮದ ಬೆಲ್ಟ್ ಹೊಸದಾಗಿ ಹಾಕಿದರೆ ಬಳಸುತ್ತ ಬಳಸುತ್ತ ಹಿಗ್ಗಿ ಜಾರತೊಡಗುತ್ತದೆ. ಆಗ ಕೊಕ್ಕೆ ಬಿಚ್ಚಿ ಒಂದು ಸೆಂಟಿಮೀಟರ್ ಕತ್ತರಿಸಿ ಮತ್ತೆ ಸೇರಿಸಿ. ತೀರಾ ಬಿಗಿ ಮಾಡಿದರೆ ತುಳಿತ ಭಾರವಾಗುತ್ತದೆ, ಮೇಲಿನ ಬೇರಿಂಗೂ ಒಂದೇ ಕಡೆ ಸವೆಯುತ್ತದೆ.