ಇಂಡಿಯನ್ ಕಾನೂನ್ ವೆಬ್‌ಸೈಟ್: ನೋಡೋಕೆ ಸಪ್ಪೆ, ಒಳಗಿರೋದು ಭರ್ಜರಿ

ಲಾಯರ್ ಅಲ್ಲ ನಾನು, ಸಾಫ್ಟ್‌ವೇರ್ ಕೆಲಸ. ಕಾಪಿರೈಟು, ಎಐ, ಪ್ರೈವಸಿ ಅಂತ ಏನಾದ್ರೂ ಸುದ್ದಿ ಬಂದ್ರೆ ಟಿವಿಯವ್ರ ಕೂಗಾಟ ನಂಬದೆ ಜಡ್ಜ್‌ಮೆಂಟನ್ನೇ ತೆಗೆದು ಓದೋ ಚಟ. ಅದಕ್ಕೆ ಇಂಡಿಯನ್ ಕಾನೂನ್ ಸಾಕು. 2008ರಲ್ಲಿ ಸುಶಾಂತ್ ಸಿನ್ಹಾ ಅನ್ನೋರು ಶುರು ಮಾಡಿದ್ದು, ಸುಪ್ರೀಂ ಕೋರ್ಟು, ಹೈಕೋರ್ಟು, ಟ್ರಿಬ್ಯೂನಲ್ಲು ಎಲ್ಲಾ ಒಂದೇ ಸರ್ಚ್ ಬಾಕ್ಸಲ್ಲಿ. ಓದೋಕೆ ಲಾಗಿನ್ ಬೇಡ, ಕಾಸೂ ಬೇಡ.

ಒಂದು ಸ್ಯಾಂಪಲ್ ಬೇಕಂದ್ರೆ ದೆಹಲಿ ಯೂನಿವರ್ಸಿಟಿ ಜೆರಾಕ್ಸ್ ಅಂಗಡಿ ಕೇಸು ಓದಿ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಅಂಥ ಪಬ್ಲಿಷರ್‌ಗಳು ರಾಮೇಶ್ವರಿ ಫೋಟೊಕಾಪಿ ಮೇಲೆ 2012ರಲ್ಲಿ ಹಾಕಿದ್ದು, ಸಿಲಬಸ್ಸಿಗೆ ಬೇಕಾದ ಅಧ್ಯಾಯಗಳನ್ನ ಜೆರಾಕ್ಸ್ ಮಾಡಿ ಬೈಂಡ್ ಮಾಡಿ ಮಾರ್ತಾರೆ ಅಂತ. ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಲ್ಲಿ ಪಾಠದ ಸಲುವಾಗಿ ಟೀಚರು, ಸ್ಟೂಡೆಂಟು ಕಾಪಿ ಮಾಡಿದ್ರೆ ತಪ್ಪಿಲ್ಲ ಅಂತಿದೆ, ಆದ್ರೆ ಅಂಗಡಿಯವನು ಅವ್ರಿಗೋಸ್ಕರ ಮಾಡಿಕೊಟ್ರೆ? 2016ರ ಸೆಪ್ಟೆಂಬರಲ್ಲಿ ದೆಹಲಿ ಹೈಕೋರ್ಟಿನ ಜಸ್ಟಿಸ್ ಎಂಡ್ಲಾ ಬರೆದ ತೀರ್ಪಲ್ಲಿ ಅವ್ರು ಓದೋ ಕಾಲಕ್ಕೆ ಹುಡುಗ್ರು ಸರದಿ ಪ್ರಕಾರ ಲೈಬ್ರರೀಲಿ ಕೂತು ಪುಟಗಟ್ಟಲೆ ಕೈಯಲ್ಲೇ ಬರ್ಕೋತಿದ್ದ ವಿಷಯ ಬರುತ್ತೆ, ಅದು ತಪ್ಪಲ್ಲ ಅಂದ್ಮೇಲೆ ಮೆಷಿನ್ ಬಂದ ತಕ್ಷಣ ಹೇಗೆ ತಪ್ಪಾಗುತ್ತೆ ಅನ್ನೋ ಧಾಟಿ. ಕೇಸು ವಜಾ. ಅಪೀಲಲ್ಲಿ ಡಿವಿಷನ್ ಬೆಂಚು (ಇಬ್ಬರು ಜಡ್ಜ್‌ಗಳ ಪೀಠ) ಒಂದಿಷ್ಟು ಪ್ರಶ್ನೆ ವಿಚಾರಣೆಗೆ ವಾಪಸ್ ಕಳಿಸ್ತು, ಆಮೇಲೆ 2017ರಲ್ಲಿ ಪಬ್ಲಿಷರ್‌ಗಳೇ ಕೇಸು ಹಿಂದೆ ತಗೊಂಡ್ರು.

ಸೈಟಲ್ಲಿ ನಂಗೆ ತುಂಬಾ ಇಷ್ಟ ಆಗೋದು ‘ಸೈಟೆಡ್ ಬೈ’. ಈ ತೀರ್ಪನ್ನ ಮುಂದೆ ಯಾರ್ಯಾರು ಎತ್ತಿಕೊಂಡ್ರು ಅಂತ ಅಲ್ಲೇ ಲಿಸ್ಟ್ ಇರುತ್ತೆ. ಹೊಸ ಪ್ರಶ್ನೆಗೆ ಒಂದು ಕೋರ್ಟು ಉತ್ತರ ಕೊಟ್ಟ ಮಾತ್ರಕ್ಕೆ ಮುಗೀತು ಅಂತಲ್ಲ. ನಮ್ಮ ಕರ್ನಾಟಕ ಹೈಕೋರ್ಟು 2011ರಲ್ಲಿ, ಫಾರಿನ್ ಕಂಪನಿಯಿಂದ ರೆಡಿಮೇಡ್ ಸಾಫ್ಟ್‌ವೇರ್ ತಗೊಂಡ್ರೆ ಆ ದುಡ್ಡು ರಾಯಲ್ಟಿ, ಟ್ಯಾಕ್ಸ್ ಹಿಡೀಬೇಕು ಅಂತ ಹೇಳಿತ್ತು. 2021ರ ಮಾರ್ಚಲ್ಲಿ ಸುಪ್ರೀಂ ಕೋರ್ಟು ಅದನ್ನ ತಿರುಗಿಸಿ ಹಾಕ್ತು, ಕಾಪಿ ಕೊಂಡ್ರೆ ಕಾಪಿರೈಟ್ ಕೊಂಡ ಹಾಗಾಗಲ್ಲ ಅಂತ. ನಡುವೆ ಹತ್ತು ವರ್ಷ ಕಂಪನಿಗಳ ಅಕೌಂಟ್ಸ್‌ನವ್ರ ಗತಿ ನೆನೆಸ್ಕೊಳ್ಳಿ!

ಮಜಾ ಏನಂದ್ರೆ ಈ ಸೈಟೇ ಕೋರ್ಟಿಗೆ ಹೋಗಿದೆ. ಕೇಸಲ್ಲಿ ಖುಲಾಸೆ ಆದ ಒಬ್ರು ತನ್ನ ತೀರ್ಪನ್ನ ತೆಗೀರಿ ಅಂತ ಕೇಳಿದ್ರು, 2024ರ ಫೆಬ್ರವರೀಲಿ ಮದ್ರಾಸ್ ಹೈಕೋರ್ಟು ತೆಗೀರಿ ಅಂತು, ಜುಲೈಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಡ್ತು. ನನ್ನ ಓಟು ನಮ್ಮ ಹೈಕೋರ್ಟಿನ 2017ರ ಪುಟ್ಟ ಆರ್ಡರಿಗೆ: ಒಬ್ಬ ತಂದೆ ಮಗಳ ಪರವಾಗಿ ಹೋದಾಗ ಇಂಟರ್ನೆಟ್ ಸರ್ಚಲ್ಲಿ ಹುಡುಗಿ ಹೆಸರು ಬರದ ಹಾಗೆ ನೋಡ್ಕೊಳ್ಳಿ ಅಂದ್ರು, ಕೋರ್ಟಿಂದ ತಗೊಳ್ಳೋ ಸರ್ಟಿಫೈಡ್ ಕಾಪೀಲಿ ಮಾತ್ರ ಹೆಸರು ಇರುತ್ತೆ ಅಂದ್ರು. ಹೆಸರು ಮುಚ್ಚಿ, ಪರವಾಗಿಲ್ಲ, ತೀರ್ಪನ್ನೇ ಎತ್ತಿಬಿಟ್ರೆ ಮುಂದಿನವನು ಏನು ಓದ್ತಾನೆ?

ಕೊರತೆನೂ ಇದೆ. ಕನ್ನಡ ಬೇಕಂದ್ರೆ ಸುಪ್ರೀಂ ಕೋರ್ಟಿನ ಸೈಟಿಗೇ ಹೋಗ್ಬೇಕು, ಅಲ್ಲಿ ಕೆಲವು ತೀರ್ಪಿನ ಅನುವಾದ ಸಿಗುತ್ತೆ. ಇಲ್ಲಿ ತೀರ್ಪು, ಆರ್ಡರು ಅಷ್ಟೇ, ಎರಡೂ ಕಡೆಯವ್ರು ಸಲ್ಲಿಸಿದ ಪೇಪರ್ ಸಿಗಲ್ಲ. ಹೊಸ ಆರ್ಡರ್ ಬಂದ್ರೆ ಇಮೇಲ್ ಬರೋ ಅಲರ್ಟು ಪ್ರೀಮಿಯಮ್ಮಲ್ಲಿದೆ.

5ಕ್ಕೆ 4 ಸ್ಟಾರ್. ಹೊಸಬ್ರು ಮೊದಲು ದೆಹಲಿ ಹೈಕೋರ್ಟಿನ ಎಎನ್‌ಐ–ಓಪನ್‌ಎಐ ಕೇಸ್ (ಸುದ್ದಿಸಂಸ್ಥೆ ಎಎನ್‌ಐ, ಚಾಟ್‌ಜಿಪಿಟಿ ಮಾಡಿದ ಕಂಪನಿ ಮೇಲೆ ಹಾಕಿದ್ದು) ಹುಡುಕಿ, 2024 ನವೆಂಬರ್ 19ರ ಆರ್ಡರು. ಎಐಗೆ ತರಬೇತಿ ಕೊಡೋಕೆ ಸುದ್ದಿ ಎತ್ತಿಟ್ಕೊಂಡ್ರೆ ಕಾಪಿರೈಟ್ ಉಲ್ಲಂಘನೆನಾ, ಸರ್ವರ್ ಅಮೆರಿಕದಲ್ಲಿದ್ರೆ ದೆಹಲಿ ಕೋರ್ಟಿಗೆ ಅಧಿಕಾರ ಇದ್ಯಾ ಅಂತೆಲ್ಲಾ ನಾಲ್ಕು ಪ್ರಶ್ನೆ ಇದೆ. ಚಿಕ್ಕ ಆರ್ಡರು, ಟೀ ಆರೋದ್ರೊಳಗೆ ಓದಿ ಮುಗಿಯುತ್ತೆ.